ಆಟಕ್ಕೆ ಒಂದು ಡಿಸ್ಕ್, ಗ್ರಾಹಕರ ಲೆಕ್ಕಕ್ಕೆ ಇನ್ನೊಂದು

ವ್ಯಾಲೊರಂಟ್ ಅನ್ನೋ ಶೂಟಿಂಗ್ ಆಟವನ್ನು ಕಂಪ್ಯೂಟರಿಗೆ ಹಾಕಿಕೊಂಡರೆ ಅದರ ಜೊತೆ ವ್ಯಾನ್‌ಗಾರ್ಡ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ ಕಡ್ಡಾಯವಾಗಿ ಬರುತ್ತದೆ. ಮೋಸದಿಂದ ಆಡುವವರನ್ನು ಹಿಡಿಯೋದು ಅದರ ಕೆಲಸ, ಇಂಥದ್ದಕ್ಕೆ ಆಂಟಿ-ಚೀಟ್ ಅನ್ನುತ್ತಾರೆ. ಆದರೆ ನೀವು ಆಟ ತೆರೆಯುವ ತನಕ ಅದು ಕಾಯುವುದಿಲ್ಲ. ಕಂಪ್ಯೂಟರ್ ಆನ್ ಆದಾಗ, ನೀವು ಪಾಸ್‌ವರ್ಡ್ ಹಾಕುವ ಮುಂಚೆಯೇ, ವಿಂಡೋಸ್ ಜೊತೆಗೇ ಏಳುತ್ತದೆ. ಅದೂ ಕರ್ನಲ್‌ನಲ್ಲಿ. ಅಂದರೆ ಪ್ರೊಸೆಸರ್ ಅತಿ ಹೆಚ್ಚು ಅಧಿಕಾರ ಕೊಡುವ ಜಾಗದಲ್ಲಿ. ಅಪಾರ್ಟ್‌ಮೆಂಟಿನ ಸೆಕ್ಯುರಿಟಿ ಹತ್ತಿರ ಎಲ್ಲ ಮನೆಗಳ ಕೀ ಇದ್ದಂತೆ: ಅವನು ಬಾಗಿಲು ತೆರೆಯುತ್ತಾನೆ ಅಂತಲ್ಲ, ತೆರೆಯಬಲ್ಲ ಅಷ್ಟೇ.

ನಾನು ರಾಜಾಜಿನಗರದ ಮನೆಯಿಂದಲೇ ಜಿಎಸ್‌ಟಿ ಮತ್ತು ಇನ್‌ಕಮ್ ಟ್ಯಾಕ್ಸ್ ಕೆಲಸ ಮಾಡುತ್ತೇನೆ. ಚಿಕ್ಕಪೇಟೆಯ ಬಟ್ಟೆ ಅಂಗಡಿಗಳು, ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳು ನನ್ನ ಗ್ರಾಹಕರು. ಅವರ ಟ್ಯಾಲಿ ಲೆಕ್ಕ, ಬ್ಯಾಂಕ್ ಸ್ಟೇಟ್‌ಮೆಂಟ್, ಪ್ಯಾನ್, ಆಧಾರ್ ಪ್ರತಿ, ಪೋರ್ಟಲ್ ಪಾಸ್‌ವರ್ಡ್ ಎಲ್ಲ ನನ್ನ ಹತ್ತಿರ ಇರುತ್ತವೆ. ಜಿಎಸ್‌ಟಿ ರಿಟರ್ನ್ಸ್‌ನ ಕೊನೆಯ ದಿನಗಳಾದ ತಿಂಗಳ 11 ಮತ್ತು 20ನೇ ತಾರೀಖು ಹತ್ತಿರ ಬಂದರೆ ಯಾರಾದರೊಬ್ಬರ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ, ಪೆನ್‌ಡ್ರೈವ್‌ನಂಥದ್ದು) ಯುಎಸ್‌ಬಿಯಲ್ಲಿ ಸಿಕ್ಕಿಸಿಕೊಂಡೇ ಇರುತ್ತದೆ. ರಾತ್ರಿ ಕೆಲಸ ಮುಗಿದ ಮೇಲೆ ಅದೇ ಕಂಪ್ಯೂಟರಿನಲ್ಲಿ ನಾನು ಆಟ ಆಡುತ್ತೇನೆ. ಬಹಳ ವರ್ಷ ಕೌಂಟರ್-ಸ್ಟ್ರೈಕ್ ಆಡಿದ್ದೇನೆ. ಅದರ ವ್ಯಾಕ್ ಅನ್ನೋ ಆಂಟಿ-ಚೀಟ್ ವ್ಯವಸ್ಥೆ 2002ರಿಂದ ಇದೆ, ಅದು ಕರ್ನಲ್‌ಗೆ ಇಳಿಯುವುದಿಲ್ಲ. ಹಾಗಾಗಿ ಈ ಪ್ರಶ್ನೆ ನನಗೆ ಎದುರಾಗಿರಲಿಲ್ಲ. ಜೊತೆಗೆ ಆಡುವವರೆಲ್ಲ ವ್ಯಾಲೊರಂಟ್‌ಗೆ ಹೋದರು, ಅಕ್ಕನ ಮಗನೂ ಹೋದ. ಆಗ ಎದುರಾಯಿತು.

ನನ್ನ ತಕರಾರು ಇಷ್ಟೇ. ಇನ್‌ಸ್ಟಾಲ್ ಮಾಡುವಾಗ ಒಪ್ಪಿಗೆ ಒತ್ತುವವಳು ನಾನು. ಆದರೆ ಆ ಒಪ್ಪಿಗೆಯಿಂದ ತೆರೆದುಕೊಳ್ಳುವುದು ನನ್ನ ವಸ್ತು ಮಾತ್ರ ಅಲ್ಲ. ಚಿಕ್ಕಪೇಟೆಯ ಅಂಗಡಿಯವರು ತಮ್ಮ ಲೆಕ್ಕವನ್ನು ನನಗೆ ಕೊಟ್ಟಿದ್ದಾರೆ, ವ್ಯಾಲೊರಂಟ್ ಮಾಡಿದ ಲಾಸ್ ಏಂಜಲೀಸ್‌ನ ರಾಯಟ್ ಕಂಪನಿಗೆ ಕೊಟ್ಟಿಲ್ಲ. ಅವರ ಪರವಾಗಿ ಹೂಂ ಅನ್ನೋ ಹಕ್ಕು ನನಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂದ ಮೇಲೆ ಇದು ಬರೀ ಮನಸ್ಸಾಕ್ಷಿಯ ಮಾತೂ ಅಲ್ಲ. ಸರಿಯಾದ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೂ ದಂಡ ಹಾಕಬಹುದು ಅಂತ ಆ ಕಾಯ್ದೆ ಹೇಳುತ್ತದೆ.

ಹಾಗಂತ ಆಂಟಿ-ಚೀಟ್ ಬೇಡವೇ ಬೇಡ ಅನ್ನುವವಳಲ್ಲ ನಾನು. ಮೋಸಗಾರರ ಎದುರು ಆಡಿದವರಿಗೆ ಅದರ ಸಂಕಟ ಗೊತ್ತು. ಗೋಡೆ ಹಿಂದೆ ನಿಂತವರನ್ನು ನೋಡಿ ಹೊಡೆಯುತ್ತಾರೆ, ಗುರಿ ತಾನಾಗೇ ತಲೆಗೆ ಹೋಗಿ ಕೂರುತ್ತದೆ. 2018ರ ಅಕ್ಟೋಬರ್‌ನಲ್ಲಿ ಶಾಂಘೈನ ಎಕ್ಸ್‌ಟ್ರೀಮ್ಸ್‌ಲ್ಯಾಂಡ್ ಟೂರ್ನಿಯಲ್ಲಿ ಕೌಂಟರ್-ಸ್ಟ್ರೈಕ್ ಆಡುವ ನಮ್ಮ ಆಪ್ಟಿಕ್ ಇಂಡಿಯಾ ತಂಡದ ಆಟಗಾರನೊಬ್ಬ ವೇದಿಕೆ ಮೇಲೇ ಸಿಕ್ಕಿಬಿದ್ದ. ಮೋಸದ ಪ್ರೋಗ್ರಾಮಿಗೆ ಅವನು ಇಟ್ಟಿದ್ದ ಹೆಸರು ‘ವರ್ಡ್ ಡಾಟ್ ಇಎಕ್ಸ್‌ಇ’. ತಂಡವೇ ಮುಚ್ಚಿಹೋಯಿತು. ಏನೂ ತಪ್ಪು ಮಾಡದ ಉಳಿದ ಹುಡುಗರ ಶ್ರಮವೂ ಅದರ ಜೊತೆ ಹೋಯಿತು. ಇದನ್ನು ನೆನೆದರೆ ಇವತ್ತಿಗೂ ಬೇಜಾರಾಗುತ್ತದೆ.

ಆಂಟಿ-ಚೀಟ್ ಕರ್ನಲ್‌ಗೆ ಇಳಿದದ್ದಕ್ಕೂ ಕಾರಣ ಇದೆ. ಮೊದಲು ಅಲ್ಲಿಗೆ ಇಳಿದದ್ದು ಚೀಟ್ ಬರೆಯುವವರು. ಮೇಲಿನ ಮಟ್ಟದಲ್ಲಿ ಓಡುವ ಪ್ರೋಗ್ರಾಮಿಗೆ ಕೆಳಗೆ ಅಡಗಿದ್ದು ಕಾಣುವುದಿಲ್ಲ. ಕೆಳಗಿದ್ದವರು ಏನು ತೋರಿಸಿದರೆ ಅದೇ ಕಾಣುತ್ತದೆ. ಯಾರು ಮೊದಲು ಏಳುತ್ತಾರೋ ಅವರ ಕೈ ಮೇಲು. ವ್ಯಾನ್‌ಗಾರ್ಡ್ ಬೂಟ್ ಸಮಯದಲ್ಲೇ ಏಳುವುದು ಇದಕ್ಕೇ. ಈ ವಾದ ನನಗೆ ಅರ್ಥವಾಗುತ್ತದೆ. ಆದರೂ ಕರ್ನಲ್‌ನಲ್ಲಿ ಕೂತ ಡ್ರೈವರ್‌ನಲ್ಲಿ (ಅಲ್ಲಿ ಓಡುವ ಪ್ರೋಗ್ರಾಮಿಗೆ ಹೀಗನ್ನುತ್ತಾರೆ) ಒಂದು ಸಣ್ಣ ದೋಷ ಇದ್ದರೆ ಅದರ ಬೆಲೆ ಕಟ್ಟುವುದು ಕಂಪನಿ ಅಲ್ಲ, ನಾವು.

ಇದು ಸುಮ್ನೆ ಊಹೆಯಲ್ಲ. 2013ರಲ್ಲಿ ಇಎಸ್‌ಇಎ ಅನ್ನೋ ಅಮೆರಿಕದ ಗೇಮಿಂಗ್ ಸಂಸ್ಥೆಯ ಆಂಟಿ-ಚೀಟ್ ಸಾಫ್ಟ್‌ವೇರ್ ಒಳಗೆ ಬಿಟ್‌ಕಾಯಿನ್ ಅನ್ನೋ ಡಿಜಿಟಲ್ ಹಣ ಗಳಿಸಿಕೊಡುವ (ಮೈನ್ ಮಾಡುವ) ಕೋಡ್ ಸಿಕ್ಕಿತು. ಸುಮಾರು 14,000 ಕಂಪ್ಯೂಟರ್‌ಗಳು ಮಾಲೀಕರಿಗೆ ಗೊತ್ತಿಲ್ಲದೇ ದುಡಿದಿದ್ದವು ಅಂತ ನ್ಯೂಜೆರ್ಸಿ ಸರ್ಕಾರ ಹೇಳಿತು. 10 ಲಕ್ಷ ಡಾಲರ್‌ಗೆ ರಾಜಿಯಾಯಿತು. 2016ರಲ್ಲಿ ಸ್ಟ್ರೀಟ್ ಫೈಟರ್ 5 ಆಟದ ಅಪ್‌ಡೇಟ್ ಜೊತೆ ಕ್ಯಾಪ್‌ಕಾಮ್ ಒಂದು ಡ್ರೈವರ್ ಕಳಿಸಿತು. ಅದು ಯಾವ ಪ್ರೋಗ್ರಾಮ್ ಕೇಳಿದರೂ ಕರ್ನಲ್‌ನಲ್ಲಿ ಕೋಡ್ ಓಡಿಸಿಕೊಡುತ್ತಿತ್ತು. ಗಲಾಟೆಯಾದ ಮೇಲೆ ಕಂಪನಿ ಬೇಗ ಹಿಂದಕ್ಕೆ ತೆಗೆದುಕೊಂಡಿತು.

ನನ್ನನ್ನು ಜಾಸ್ತಿ ಹೆದರಿಸಿದ್ದು ಗೆನ್‌ಶಿನ್ ಇಂಪ್ಯಾಕ್ಟ್ ಅನ್ನೋ ಆಟದ ಕತೆ. 2022ರ ಆಗಸ್ಟ್‌ನಲ್ಲಿ ಟ್ರೆಂಡ್ ಮೈಕ್ರೋ ಅನ್ನೋ ಭದ್ರತಾ ಕಂಪನಿ ಅದರ ಬಗ್ಗೆ ವರದಿ ಕೊಟ್ಟಿತು. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರಾನ್ಸಮ್‌ವೇರ್ ಗುಂಪೊಂದು ಈ ಆಟದ ಆಂಟಿ-ಚೀಟ್ ಡ್ರೈವರನ್ನು ತನ್ನ ಜೊತೆ ಹೊತ್ತು ತಂದು, ಅದರಿಂದ ಆಂಟಿವೈರಸ್ ಅನ್ನೇ ಕೊಂದಿತ್ತು. ಆ ಕಂಪ್ಯೂಟರಿನಲ್ಲಿ ಆಟ ಇರಬೇಕು ಅಂತಲೂ ಇರಲಿಲ್ಲ. ಡ್ರೈವರ್‌ಗೆ ಸರಿಯಾದ ಡಿಜಿಟಲ್ ಸಹಿ ಇತ್ತು, ವಿಂಡೋಸ್ ನಂಬಿತು. ಸಹಿ ಇದ್ದರೆ ನಂಬುವುದು ಅಂದರೇನು ಅಂತ ದಿನಾ ಡಿಎಸ್‌ಸಿ ಹಿಡಿದು ಕೂರುವ ನನಗೆ ಬೇರೆ ಯಾರೂ ವಿವರಿಸಬೇಕಿಲ್ಲ.

2024ರ ಜುಲೈ 19ರ ಕ್ರೌಡ್‌ಸ್ಟ್ರೈಕ್ ಗಲಾಟೆ ಎಲ್ಲರಿಗೂ ನೆನಪಿರಬೇಕು. ಅದು ಆಟದ್ದಲ್ಲ, ಆಫೀಸುಗಳ ಭದ್ರತಾ ಸಾಫ್ಟ್‌ವೇರ್. ಆದರೆ ಕೂತಿದ್ದ ಜಾಗ ಅದೇ ಕರ್ನಲ್. ಒಂದು ಕೆಟ್ಟ ಅಪ್‌ಡೇಟ್‌ಗೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. 20ನೇ ತಾರೀಖು ಸಂಜೆ ನನ್ನ ಕಂಪ್ಯೂಟರ್ ಹೀಗೆ ಮಲಗಿದರೆ ನನ್ನ ಗ್ರಾಹಕರಿಗೆ ಲೇಟ್ ಫೀ ಬೀಳುತ್ತದೆ.

ವ್ಯಾನ್‌ಗಾರ್ಡ್ ಯಾರ ಫೈಲನ್ನಾದರೂ ಕದ್ದಿದೆ ಅನ್ನೋದಕ್ಕೆ ನಾನು ಯಾವ ಪುರಾವೆಯನ್ನೂ ಕಂಡಿಲ್ಲ. ಅದರಲ್ಲಿ ದೋಷ ಹುಡುಕಿಕೊಟ್ಟವರಿಗೆ 1 ಲಕ್ಷ ಡಾಲರ್‌ವರೆಗೂ ಬಹುಮಾನ ಕೊಡುತ್ತೇವೆ ಅಂತ ರಾಯಟ್ ಕಂಪನಿ 2020ರಲ್ಲೇ ಹೇಳಿದೆ. ಅದು ಒಳ್ಳೆಯ ನಡೆ. ರಾಯಟ್ ಪೂರ್ತಿ ಟೆನ್ಸೆಂಟ್ ಕೈಯಲ್ಲಿದೆ, ಚೀನಾ ಕಂಪನಿ, ಅದಕ್ಕೇ ಬೇಡ ಅನ್ನುವವರೂ ಇದ್ದಾರೆ. ನನ್ನ ವಾದ ಅದಲ್ಲ. ಕಂಪನಿ ಬೆಂಗಳೂರಿನದ್ದೇ ಆಗಿದ್ದರೂ ನಾನು ಇದನ್ನೇ ಮಾಡುತ್ತಿದ್ದೆ.

ಮೊದಲು ಅಕ್ಕನ ಮಗನ ಲ್ಯಾಪ್‌ಟಾಪ್ ತೆರೆಸಿ ನೋಡಿದೆ. ಇದನ್ನು ನೀವೂ ಮಾಡಬಹುದು, ಏನೂ ಕೆಡುವುದಿಲ್ಲ. ಕಮಾಂಡ್ ಪ್ರಾಂಪ್ಟ್ ತೆರೆದು ‘ಎಸ್‌ಸಿ ಕ್ವೆರಿ ವಿಜಿಕೆ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ವಿಜಿಕೆ ಅನ್ನೋದು ವ್ಯಾನ್‌ಗಾರ್ಡ್‌ನ ಡ್ರೈವರ್. ಅವನು ಆಟ ತೆರೆದೇ ಇರಲಿಲ್ಲ, ಆದರೂ ‘ಸ್ಟೇಟ್’ ಅನ್ನೋ ಸಾಲಿನ ಮುಂದೆ ‘4 ರನ್ನಿಂಗ್’ ಅಂತ ಬಂತು. ಅದೇ ಲ್ಯಾಪ್‌ಟಾಪಿನಲ್ಲಿ ಬೇರೆ ಆಟದ ಜೊತೆ ಬಂದ ಈಸಿ ಆಂಟಿ-ಚೀಟ್ ಕೂಡ ಇತ್ತು. ಅದರ ಮುಂದೆ ‘1 ಸ್ಟಾಪ್ಡ್’. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ, ಕಾಲ್ ಆಫ್ ಡ್ಯೂಟಿಯ ರಿಕೊಶೆ, ಇವೆಲ್ಲ ಕರ್ನಲ್‌ಗೇ ಇಳಿಯುತ್ತವೆ. ಆದರೆ ಆಟ ಶುರುವಾದಾಗ ಏಳುತ್ತವೆ, ಆಟ ಮುಚ್ಚಿದಾಗ ನಿಲ್ಲುತ್ತವೆ. ಈ ವ್ಯತ್ಯಾಸ ನನಗೆ ದೊಡ್ಡದು.

“ಚಿಕ್ಕಮ್ಮ, ಟಾಸ್ಕ್‌ಬಾರ್‌ನಲ್ಲಿ ಆಫ್ ಮಾಡಬಹುದಲ್ವಾ?” ಅಂದ ಅವನು. ಮಾಡಬಹುದು. ಗಡಿಯಾರದ ಪಕ್ಕದ ಕೆಂಪು ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಹೊರಗೆ ಹಾಕಬಹುದು. ಮತ್ತೆ ಆಡಬೇಕು ಅಂದರೆ ರೀಸ್ಟಾರ್ಟ್ ಮಾಡಬೇಕು. ರೀಸ್ಟಾರ್ಟ್ ಹೇಗೂ ಬೇಕು ಅಂದಮೇಲೆ ಅದೇ ಕಂಪ್ಯೂಟರಿನಲ್ಲಿ ಆಟಕ್ಕೇ ಅಂತ ಬೇರೆ ವಿಂಡೋಸ್ ಇಟ್ಟು ಅದಕ್ಕೇ ರೀಸ್ಟಾರ್ಟ್ ಮಾಡೋಣ ಅಂತ ನನಗೆ ಹೊಳೆದದ್ದು ಆಗಲೇ.

ಬೇರೆ ದಾರಿಗಳನ್ನೂ ಯೋಚಿಸಿದೆ. ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೇ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಒಳಗೆ ಆಡಲು ವ್ಯಾನ್‌ಗಾರ್ಡ್ ಬಿಡುವುದಿಲ್ಲ. ಲಿನಕ್ಸ್‌ನಲ್ಲಿ ಕೌಂಟರ್-ಸ್ಟ್ರೈಕ್ ಚೆನ್ನಾಗಿ ಓಡುತ್ತದೆ, ವ್ಯಾಲೊರಂಟ್ ಓಡುವುದಿಲ್ಲ. ಆಟಕ್ಕೇ ಅಂತ ಎರಡನೇ ಕಂಪ್ಯೂಟರ್ ಕೊಂಡರೆ ಎಲ್ಲಕ್ಕಿಂತ ಕ್ಷೇಮ, ಆದರೆ ದುಡ್ಡು ಬೇಕು. ಒಂದೇ ಡಿಸ್ಕನ್ನು ಎರಡು ಭಾಗ ಮಾಡಿ ಎರಡು ವಿಂಡೋಸ್ ಹಾಕುವುದು ನನಗೆ ಹಿಡಿಸಲಿಲ್ಲ, ಬೇಕಾದಾಗ ಕೆಲಸದ ಡಿಸ್ಕನ್ನು ಬಿಚ್ಚಿ ಪಕ್ಕಕ್ಕೆ ಇಡುವಂತಿರಬೇಕು ಅನ್ನಿಸಿತು. ಹಾಗಾಗಿ ಎಸ್‌ಪಿ ರೋಡಿಗೆ ಹೋಗಿ ಇನ್ನೊಂದು ಎಸ್‌ಎಸ್‌ಡಿ ತಂದೆ. “ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ ಮೇಡಂ” ಅಂದರು ಅಂಗಡಿಯವರು. ಬಿಲ್ ತೆಗೆದುಕೊಂಡೇ ಬಂದೆ. ವಾರಂಟಿಗೆ ಅದು ಬೇಕು. ನನ್ನ ಕಸುಬಿನವರು ಬಿಲ್ ಬೇಡ ಅನ್ನಲೂಬಾರದು.

ಆಗ 2025ರ ಅಕ್ಟೋಬರ್. 14ನೇ ತಾರೀಖಿಗೆ ವಿಂಡೋಸ್ 10ರ ಸಪೋರ್ಟ್ ಮುಗಿಯುವುದಿತ್ತು, ವಿಂಡೋಸ್ 11ಕ್ಕೆ ಹೇಗೂ ಹೋಗಬೇಕಿತ್ತು. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಮ್ 2.0 (ಕೀಗಳನ್ನು ಕಾಪಾಡುವ ಭದ್ರತಾ ಚಿಪ್) ಮತ್ತು ಸೆಕ್ಯೂರ್ ಬೂಟ್ (ಆನ್ ಆಗುವಾಗ ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ಏಳಲು ಬಿಡುವ ಸೌಲಭ್ಯ) ಎರಡೂ ಆನ್ ಇರಬೇಕು. ಇಲ್ಲದಿದ್ದರೆ ‘ವ್ಯಾನ್ 9001’ ಅಂತ ಎರರ್ ಬರುತ್ತದೆ. ನನ್ನ ಹಳೇ ವಿಂಡೋಸ್ ಎಂಬಿಆರ್ ಅನ್ನೋ ಹಳೇ ಕಾಲದ ರೀತಿಯ ಡಿಸ್ಕಿನಲ್ಲಿತ್ತು, ಅದು ಸೆಕ್ಯೂರ್ ಬೂಟ್‌ಗೆ ಆಗುವುದಿಲ್ಲ.

ಈ ಭಾಗವನ್ನು ಅವಸರದಲ್ಲಿ ಮಾಡಬೇಡಿ. ಮೊದಲು ಎಲ್ಲ ಕೆಲಸವನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿ, ಆ ಡಿಸ್ಕನ್ನು ಬಿಚ್ಚಿ ಬೀರುವಿಗೆ ಇಟ್ಟೆ. ಯುಪಿಎಸ್ ಚಾರ್ಜ್ ಆಗಿದೆಯಾ ನೋಡಿದೆ. ನಮ್ಮ ಏರಿಯಾದಲ್ಲಿ ಮಳೆ ಬಂದರೆ ಕರೆಂಟ್ ಹೋಗುವುದು ಗ್ಯಾರಂಟಿ. ಆಮೇಲೆ ಮೈಕ್ರೋಸಾಫ್ಟ್‌ನದ್ದೇ ಆದ ಎಂಬಿಆರ್2ಜಿಪಿಟಿ ಅನ್ನೋ ಟೂಲ್ ಓಡಿಸಿದೆ. ಮೊದಲು ‘ವ್ಯಾಲಿಡೇಟ್’ ಕೊಟ್ಟು ಪರೀಕ್ಷೆ, ಅದು ಸರಿ ಅಂದ ಮೇಲೆ ‘ಕನ್ವರ್ಟ್’. ಡೇಟಾ ಅಳಿಸದೆ ಡಿಸ್ಕಿನ ರೀತಿಯನ್ನು ಎಂಬಿಆರ್‌ನಿಂದ ಹೊಸ ಜಿಪಿಟಿಗೆ ಬದಲಾಯಿಸುತ್ತದೆ. ಬಯಾಸ್‌ಗೆ (ವಿಂಡೋಸ್ ಏಳುವ ಮುಂಚಿನ ಮದರ್‌ಬೋರ್ಡ್ ಸೆಟ್ಟಿಂಗ್ಸ್) ಹೋಗಿ ಸಿಎಸ್‌ಎಂ (ಹಳೇ ರೀತಿಯ ಬೂಟ್) ಆಫ್, ಸೆಕ್ಯೂರ್ ಬೂಟ್ ಆನ್, ಎಫ್‌ಟಿಪಿಎಮ್ (ಪ್ರೊಸೆಸರ್ ಒಳಗಿನ ಟಿಪಿಎಮ್) ಆನ್. ಇಂಟೆಲ್ ಬೋರ್ಡ್ ಇದ್ದವರಿಗೆ ಇದೇ ಪಿಟಿಟಿ ಅನ್ನೋ ಹೆಸರಿನಲ್ಲಿ ಸಿಗುತ್ತದೆ. ನಿಮ್ಮ ಡಿಸ್ಕ್‌ಗೆ ಈಗಾಗಲೇ ಬಿಟ್‌ಲಾಕರ್ (ಡಿಸ್ಕಿನಲ್ಲಿರುವುದನ್ನು ಕೀ ಇಲ್ಲದೆ ಓದಲಾಗದಂತೆ ಮಾಡುವ ವಿಂಡೋಸ್‌ನ ಬೀಗ) ಹಾಕಿದ್ದರೆ ಬಯಾಸ್ ಮುಟ್ಟುವ ಮುಂಚೆ ಅದನ್ನು ಸಸ್ಪೆಂಡ್ ಮಾಡಿ, ರಿಕವರಿ ಕೀ ಕಾಗದದ ಮೇಲೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ಆನ್ ಮಾಡಿದಾಗ 48 ಅಂಕಿಯ ಕೀ ಕೇಳುವ ನೀಲಿ ಪರದೆ ಎದುರು ಕೂರಬೇಕಾದೀತು.

ವಿಂಡೋಸ್ 11 ಬಂದ ಮೇಲೆ ಕೆಲಸದ ಡಿಸ್ಕ್ ಪೂರ್ತಿಗೆ ಬಿಟ್‌ಲಾಕರ್ ಹಾಕಿದೆ. ಇಡೀ ಏರ್ಪಾಡಿನ ಜೀವ ಇರುವುದು ಇದರಲ್ಲೇ. ಆಟದ ವಿಂಡೋಸ್‌ನಲ್ಲಿ ಕರ್ನಲ್ ಡ್ರೈವರ್ ಏನೇ ಮಾಡಲಿ, ಕೆಲಸದ ಡಿಸ್ಕಿನಿಂದ ಅದು ಓದಬಹುದಾದದ್ದು ಅರ್ಥವಿಲ್ಲದ ಬೈಟ್‌ಗಳು ಮಾತ್ರ. ಬೀಗ ತೆರೆಯುವ ಕೀ ಆ ವಿಂಡೋಸ್‌ಗೆ ಸಿಗುವುದೇ ಇಲ್ಲ, ನಾನೇ ಕೊಟ್ಟರೆ ಹೊರತು. ಹಾಗಾಗಿ ಆ ಕೀಯನ್ನು ಅಲ್ಲಿ ಯಾವತ್ತೂ ಟೈಪ್ ಮಾಡುವುದಿಲ್ಲ ಅನ್ನೋದು ನನ್ನ ಕಟ್ಟುನಿಟ್ಟಿನ ನಿಯಮ.

ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವಾಗ ಹಳೇ ಡಿಸ್ಕಿನ ಕೇಬಲ್ ಬಿಚ್ಚಿಟ್ಟೆ. ಹಾಗೆ ಮಾಡದಿದ್ದರೆ ವಿಂಡೋಸ್ ತನ್ನ ಬೂಟ್ ಫೈಲುಗಳನ್ನು ಹಳೇ ಡಿಸ್ಕಿನಲ್ಲಿರುವ ಬೂಟ್ ಪಾರ್ಟಿಷನ್‌ಗೇ ಹಾಕಿಬಿಡುತ್ತದೆ, ಎರಡೂ ಗಂಟುಬೀಳುತ್ತವೆ. ಎಲ್ಲ ಮುಗಿದ ಮೇಲೆ ಕೇಬಲ್ ಸಿಕ್ಕಿಸಿ, ಆಟದ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕೆಲಸದ ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಫ್‌ಲೈನ್’ ಕೊಟ್ಟೆ. ಈಗ ಅಲ್ಲಿ ಆ ಡ್ರೈವ್‌ನ ಅಕ್ಷರವೇ ಕಾಣುವುದಿಲ್ಲ. ಯಾವುದಕ್ಕೆ ಹೋಗಬೇಕು ಅನ್ನೋದನ್ನು ಆನ್ ಮಾಡುವಾಗ ಬೂಟ್ ಮೆನುವಿನಲ್ಲಿ ಆರಿಸುತ್ತೇನೆ. ಎರಡೂ ಕಡೆ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದ್ದೇನೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ.

ಡಿಸ್ಕ್ ಬೇರೆ ಮಾಡಿದರೆ ಮುಗಿಯಿತು ಅಂದುಕೊಳ್ಳಬೇಡಿ. ಜಾಸ್ತಿ ಜನ ಇಲ್ಲೇ ಎಡವುತ್ತಾರೆ. ವಿಂಡೋಸ್ 11 ಹಾಕುವಾಗ ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತದೆ. ಅಲ್ಲಿ ಕೆಲಸದ ಅಕೌಂಟನ್ನೇ ಕೊಟ್ಟರೆ ಒನ್‌ಡ್ರೈವ್ ಬಂದು, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ಆಟದ ವಿಂಡೋಸ್‌ಗೂ ತಂದು ಸುರಿಯಬಹುದು. ಬೀಗ ಹಾಕಿದ ಡಿಸ್ಕಿನ ಫೈಲುಗಳೇ ಇಂಟರ್‌ನೆಟ್ ಸುತ್ತಿ ಬಂದು ಪಕ್ಕದ ಡಿಸ್ಕಿನಲ್ಲಿ ಕೂತಿರುತ್ತವೆ. ಅಷ್ಟೇ ಅಲ್ಲ, ಬಿಟ್‌ಲಾಕರ್‌ನ ರಿಕವರಿ ಕೀ ಕೂಡ ಆ ಅಕೌಂಟಿನಲ್ಲೇ ಇರಬಹುದು. ಕ್ರೋಮ್‌ಗೆ ಲಾಗಿನ್ ಆದರೆ ಸೇವ್ ಮಾಡಿದ ಪಾಸ್‌ವರ್ಡ್‌ಗಳೆಲ್ಲ ಬರುತ್ತವೆ. ನನ್ನಂಥವರ ಕ್ರೋಮ್‌ನಲ್ಲಿ ಏನಿರುತ್ತದೆ? ಎಲ್ಲ ಗ್ರಾಹಕರ ಜಿಎಸ್‌ಟಿ ಪೋರ್ಟಲ್ ಪಾಸ್‌ವರ್ಡ್.

ಹಾಗಾಗಿ ಆಟದ ವಿಂಡೋಸ್‌ಗೆ ಆಟಕ್ಕೇ ಅಂತ ಮಾಡಿದ ಹೊಸ ಇಮೇಲ್. ಬ್ರೌಸರ್‌ಗೆ ಲಾಗಿನ್ ಇಲ್ಲ. ವಾಟ್ಸ್ಆ್ಯಪ್ ವೆಬ್ ಇಲ್ಲ, ಗ್ರಾಹಕರು ಪ್ಯಾನ್ ಫೋಟೋ ಕಳಿಸುವುದೇ ಅದರಲ್ಲಿ. ಬ್ಯಾಂಕ್ ತೆರೆಯುವುದಿಲ್ಲ. ಆಟಗಾರರ ಜೊತೆ ಮಾತಾಡಲು ಡಿಸ್ಕಾರ್ಡ್, ಆಟ, ಅಷ್ಟೇ. ಮನೆಯ ವೈಫೈ ರೌಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಮಾಡಿ ಆಟದ ವಿಂಡೋಸನ್ನು ಅದಕ್ಕೆ ಸೇರಿಸಿದ್ದೇನೆ. ಅಲ್ಲಿಂದ ನನ್ನ ಪ್ರಿಂಟರ್, ಸ್ಕ್ಯಾನರ್ ಕಾಣುವುದಿಲ್ಲ. ವೆಬ್‌ಕ್ಯಾಮ್ ಯುಎಸ್‌ಬಿ ಬಿಚ್ಚುತ್ತೇನೆ. ಡಿಎಸ್‌ಸಿ ಟೋಕನ್‌ಗಳಿಗೆ ಒಂದು ಸಣ್ಣ ಸ್ಟೀಲ್ ಡಬ್ಬಿ ಇದೆ. ಟೋಕನ್‌ಗಳು ಡಬ್ಬಿಯೊಳಗೆ ಸೇರಿದ ಮೇಲೆಯೇ ಆಟಕ್ಕೆ ರೀಸ್ಟಾರ್ಟ್.

ಇದರಿಂದ ಎಲ್ಲ ಅಪಾಯವೂ ಹೋಗುವುದಿಲ್ಲ. ಕರ್ನಲ್‌ನಲ್ಲಿರುವ ಕೆಟ್ಟ ಕೋಡ್‌ಗೆ ಬೀಗ ಹಾಕಿದ ಡಿಸ್ಕನ್ನು ಓದಲು ಆಗದಿದ್ದರೂ ಅಳಿಸಿಹಾಕಲು ಆಗುತ್ತದೆ. ಆಫ್‌ಲೈನ್ ಅನ್ನೋದು ವಿಂಡೋಸ್‌ನ ಒಂದು ಸೆಟ್ಟಿಂಗ್ ಮಾತ್ರ. ಮದರ್‌ಬೋರ್ಡ್‌ನ ಒಳಗಿನ ಸಾಫ್ಟ್‌ವೇರ್ (ಫರ್ಮ್‌ವೇರ್) ಎರಡು ವಿಂಡೋಸ್‌ಗೂ ಒಂದೇ. ಬೀರುವಿನಲ್ಲಿರುವ ಬ್ಯಾಕಪ್ ಡಿಸ್ಕ್ ಇರುವುದು ಇದಕ್ಕೇ. ಅದನ್ನು ಆಟದ ವಿಂಡೋಸ್ ಓಡುವಾಗ ಸಿಕ್ಕಿಸುವುದೇ ಇಲ್ಲ. ರಿಟರ್ನ್ಸ್‌ನ ಕೊನೆಯ ದಿನಗಳಲ್ಲಿ ಆಟದ ಕಡೆ ಹೋಗುವುದೂ ಇಲ್ಲ. ಇದಕ್ಕಿಂತ ಜಾಸ್ತಿ ಗುಟ್ಟಿನ ಕೆಲಸ ಮಾಡುವವರು ಇಷ್ಟಕ್ಕೆ ನಿಲ್ಲಬಾರದು, ಬೇರೆ ಕಂಪ್ಯೂಟರೇ ಇಡಬೇಕು.

ಪೀಣ್ಯದ ಹಿರಿಯ ಗ್ರಾಹಕರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಲೇತ್ ಮೆಷಿನ್ ಇಟ್ಟುಕೊಂಡವರು, ಕಂಪ್ಯೂಟರ್ ಮುಟ್ಟುವವರಲ್ಲ.

“ಅಲ್ಲಮ್ಮಾ, ಆಟದ ಕಂಪನಿಗೆ ನನ್ನ ಲೆಕ್ಕ ಯಾಕೆ ಬೇಕು?”

“ಅವರಿಗೆ ಬೇಡ ಸಾರ್. ಅವರ ಬಾಗಿಲಿಂದ ಬೇರೆ ಯಾರಾದರೂ ಬರಬಹುದು ಅಂತ.”

“ಹಾಗಾದ್ರೆ ಬಾಗಿಲೇ ಇಲ್ಲದ ಕಡೆ ಇಟ್ಟಿದ್ದು ಒಳ್ಳೇದಾಯ್ತು ಬಿಡಿ.”

ಆಟದ ಕಂಪನಿಗಳಿಂದ ನಾನು ಕೇಳುವುದು ದೊಡ್ಡದೇನಲ್ಲ. ಆಟ ತೆರೆದಾಗ ಏಳಲಿ, ಮುಚ್ಚಿದಾಗ ನಿಲ್ಲಲಿ. ಆಟ ತೆಗೆದುಹಾಕಿದರೆ ಡ್ರೈವರ್ ಕೂಡ ತಾನಾಗೇ ಹೋಗಲಿ. ಕೊಳ್ಳುವ ಮುಂಚೆಯೇ ಹೇಳಲಿ. ಕೊನೆಯದನ್ನು ಸ್ಟೀಮ್ ಅನ್ನೋ ಆಟ ಮಾರುವ ಆನ್‌ಲೈನ್ ಅಂಗಡಿ 2024ರ ಅಕ್ಟೋಬರ್‌ನಿಂದ ಕಡ್ಡಾಯ ಮಾಡಿದೆ. ಕರ್ನಲ್ ಆಂಟಿ-ಚೀಟ್ ಇದ್ದರೆ ಆಟದ ಪುಟದಲ್ಲೇ ಅದನ್ನು ತೋರಿಸಬೇಕು. ಅಲ್ಲಿ ಒಂದು ಆಟ ಕೊಳ್ಳುವ ಮುಂಚೆ ನಾನು ಬೆಲೆಗಿಂತ ಮೊದಲು ನೋಡುವುದು ಆ ಚೌಕವನ್ನೇ. ಕ್ರೌಡ್‌ಸ್ಟ್ರೈಕ್ ಆದ ಮೇಲೆ ಆಂಟಿವೈರಸ್ ಕಂಪನಿಗಳನ್ನು ಕರ್ನಲ್‌ನಿಂದ ಹೊರಗೆ ತರುವ ಕೆಲಸವನ್ನು ಮೈಕ್ರೋಸಾಫ್ಟ್ ಶುರು ಮಾಡಿದೆ. ಆಟಗಳಿಗೂ ಆ ಕಾಲ ಬರಲಿ ಅಂತ ನನ್ನಾಸೆ. ಸದ್ಯಕ್ಕೆ ಗಾಳಿ ಉಲ್ಟಾ ಬೀಸುತ್ತಿದೆ. 2024ರಲ್ಲಿ ಲೀಗ್ ಆಫ್ ಲೆಜೆಂಡ್ಸ್‌ಗೂ ವ್ಯಾನ್‌ಗಾರ್ಡ್ ಬಂತು, 2025ರ ಬ್ಯಾಟಲ್‌ಫೀಲ್ಡ್ 6 ಕೂಡ ಸೆಕ್ಯೂರ್ ಬೂಟ್ ಕೇಳುತ್ತದೆ.

ಅಕ್ಕನ ಮಗನ ಲ್ಯಾಪ್‌ಟಾಪಿಗೆ ಒಂದೇ ಡಿಸ್ಕ್, ಇನ್ನೊಂದಕ್ಕೆ ಜಾಗ ಇಲ್ಲ. ಅದರಲ್ಲಿ ಅವನ ಕಾಲೇಜಿನ ಪ್ರಾಜೆಕ್ಟ್, ಅಕ್ಕನ ಬ್ಯಾಂಕ್ ಲಾಗಿನ್ ಎಲ್ಲ ಇದ್ದವು. ಅಕ್ಕನ ಬ್ಯಾಂಕ್ ಕೆಲಸವನ್ನು ಅವಳ ಫೋನಿಗೆ ಸಾಗಿಸಿದೆವು. ಪ್ರಾಜೆಕ್ಟ್ ಪೆನ್‌ಡ್ರೈವ್‌ಗೂ ಕಾಲೇಜಿನ ಡ್ರೈವ್‌ಗೂ ಹೋಯಿತು. ಪರೀಕ್ಷೆ ಸಮಯದಲ್ಲಿ ಅವನು ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಿಂದ ವ್ಯಾನ್‌ಗಾರ್ಡ್ ಅನ್ನು ಅನ್‌ಇನ್‌ಸ್ಟಾಲ್ ಮಾಡುತ್ತಾನೆ. ಆಟದಿಂದ ಪ್ರತ್ಯೇಕವಾಗಿ ಅದನ್ನು ತೆಗೆಯಬಹುದು, ಮತ್ತೆ ಆಟ ತೆರೆದಾಗ ತಾನಾಗೇ ಹಾಕಿಕೊಳ್ಳುತ್ತದೆ. ತೆಗೆದ ಮೇಲೆ ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ‘ಎಸ್‌ಸಿ ಕ್ವೆರಿ ವಿಜಿಕೆ’ ಕೊಡಬೇಕು. ಅಂಥ ಸರ್ವೀಸ್ ಇಲ್ಲ ಅಂತ ಉತ್ತರ ಬಂದರೆ ಹೋಗಿದೆ ಅಂತ ಅರ್ಥ.